ಸೀತಾಳೆ ದಂಡೆಗೂ ಬೇಕು ಜನ್ಮಪತ್ರ

ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗಿಬಂದವರಿಗೆ ಆರ್ಕಿಡ್ ಅಪರಿಚಿತ ಹೂವೇನಲ್ಲ. ನೇರಳೆ, ಬಿಳಿ, ಹಳದಿ ಬಣ್ಣದ ಹೂಗೊಂಚಲು ಹೊತ್ತ ಪುಟ್ಟ ಕುಂಡಗಳನ್ನು ಕೊಂಡು ಮನೆಗೆ ತರುವವರು ಅನೇಕರು. ಮದುವೆ ಮಂಟಪದ ಅಲಂಕಾರಕ್ಕೂ ಅದೇ ಹೂವು ಬೇಕು. ಆದರೆ ಹೀಗೆ ಮಾರಾಟವಾಗುವ ಆರ್ಕಿಡ್‌ಗಳಲ್ಲಿ ಬಹುಪಾಲು ನಮ್ಮ ನೆಲದ ಸಸ್ಯಗಳಲ್ಲ. ಥಾಯ್ಲೆಂಡ್ ಮುಂತಾದ ದೇಶಗಳಲ್ಲಿ ರೂಪುಗೊಂಡ ಮಿಶ್ರತಳಿಗಳು.

ಇತ್ತ ಮಲೆನಾಡಿನಲ್ಲಿ ಮುಂಗಾರಿಗೆ ಮುನ್ನ, ಹಳೆಯ ಹಲಸಿನ ಮರದ ಕೊಂಬೆಯಿಂದ ಬಿಳಿ-ನೇರಳೆ ಹೂಗಳ ನೀಳವಾದ ಗೊಂಚಲೊಂದು ಇಳಿಬೀಳುತ್ತದೆ. ಅದು ಸೀತಾಳೆ ದಂಡೆ. ಹೆಸರೇ ಹೇಳುವಂತೆ, ಸೀತೆಯ ಮುಡಿಗೇರಿದ ದಂಡೆ ಎಂಬುದು ಜನರ ನಂಬಿಕೆ. ರಿಂಕೋಸ್ಟೈಲಿಸ್ ರೆಟೂಸಾ ಎಂಬುದು ಅದರ ಶಾಸ್ತ್ರೀಯ ನಾಮ. ಇದೇ ಹೂವು ಅಸ್ಸಾಮಿನಲ್ಲಿ ಕೊಪೌ ಫೂಲ್ ಎನಿಸಿಕೊಂಡು ಬಿಹು ನೃತ್ಯದ ಯುವತಿಯರ ತುರುಬನ್ನು ಸಿಂಗರಿಸುತ್ತದೆ. ಅದು ಆ ರಾಜ್ಯದ ಅಧಿಕೃತ ಪುಷ್ಪವೂ ಹೌದು.

ಲಾಲ್‌ಬಾಗ್‌ನ ಕುಂಡದಲ್ಲಿ ಈ ಸೀತಾಳೆ ದಂಡೆ ಏಕೆ ಸಿಗುವುದಿಲ್ಲ? ಸಿಕ್ಕರೂ, ಅದು ಕಾಡಿನಿಂದ ಕಿತ್ತು ತಂದದ್ದಲ್ಲ ಎಂದು ನಂಬುವುದು ಹೇಗೆ? ಈ ಎರಡು ಪ್ರಶ್ನೆಗಳ ನಡುವೆಯೇ ನಾಡಿನ ಅಪರೂಪದ ಆರ್ಕಿಡ್‌ಗಳ ಭವಿಷ್ಯ ಸಿಲುಕಿಕೊಂಡಿದೆ. ನಮ್ಮ ಕಾನೂನುಗಳು ಕಾಡಿನ ಗಿಡವನ್ನು ಕೀಳಬೇಡಿ ಎನ್ನುತ್ತವೆ, ಅದು ಸರಿ. ಆದರೆ ಕೀಳದೆ ಬೆಳೆಸಿದವನಿಗೆ ಅದನ್ನು ಸಾಬೀತುಪಡಿಸುವ ಸುಲಭ ದಾರಿಯನ್ನು ಅವು ಕೊಟ್ಟಿಲ್ಲ. ಹೀಗಾಗಿ ನಿಷೇಧದ ಬಿಸಿ ತಟ್ಟುವುದು ಪ್ರಾಮಾಣಿಕ ಬೆಳೆಗಾರನಿಗೇ ಹೊರತು ಕಳ್ಳನಿಗಲ್ಲ.

ಎಷ್ಟು ದೊಡ್ಡ ಸಂಪತ್ತು?

ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯು 2019ರಲ್ಲಿ ಹೊರತಂದ ಸಚಿತ್ರ ಗ್ರಂಥದ ಪ್ರಕಾರ ದೇಶದಲ್ಲಿರುವ ಆರ್ಕಿಡ್ ಪ್ರಭೇದಗಳು 1,256. ಅವು 155 ಕುಲಗಳಿಗೆ ಸೇರಿದವು. ಈ ಪೈಕಿ 388 ಪ್ರಭೇದಗಳು ಭಾರತವನ್ನು ಬಿಟ್ಟರೆ ಜಗತ್ತಿನ ಬೇರೆಲ್ಲೂ ಕಾಣಸಿಗುವುದಿಲ್ಲ. ಇವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಪಶ್ಚಿಮ ಘಟ್ಟದಲ್ಲಿದೆ. ಕೊಡಗಿನಿಂದ ಉತ್ತರ ಕನ್ನಡದವರೆಗಿನ ಘಟ್ಟದ ಕಾಡುಗಳು ಈ ಸಂಪತ್ತಿನ ದೊಡ್ಡ ಭಂಡಾರ.

ಸೀತಾಳೆ ದಂಡೆಯೇನೋ ಏಷ್ಯಾದ ಹಲವು ದೇಶಗಳಲ್ಲಿ ಹರಡಿಕೊಂಡಿರುವ ಗಿಡ. ಅದು ನಾಳೆಯೇ ಭೂಮಿಯಿಂದ ಮರೆಯಾಗಿಬಿಡುವುದಿಲ್ಲ. ಆದರೆ ಒಂದೂರಿನ ಮರಗಳಿಂದ ಕಿತ್ತು ಮುಗಿಸಿದರೆ ಆ ಊರಿನ ಮಟ್ಟಿಗೆ ಅದು ಮುಗಿದಂತೆಯೇ. ಏರಿಡಿಸ್ ಕ್ರಿಸ್ಪಾ, ಡೆಂಡ್ರೋಬಿಯಂ ಬಾರ್ಬಾಟುಲಂ, ಸೀಲೋಜೈನ್ ನರ್ವೋಸಾ ಮುಂತಾದ ಪ್ರಭೇದಗಳ ವಿಚಾರ ಹಾಗಲ್ಲ. ಇವುಗಳ ನೆಲೆ ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸಿಗಷ್ಟೇ ಸೀಮಿತ. ಇಲ್ಲಿ ಹೋದರೆ ಎಲ್ಲೆಡೆಯೂ ಹೋದಂತೆ.

ಮರದ ಮೇಲೆ ಬೆಳೆಯುವುದರಿಂದ ಆರ್ಕಿಡ್‌ಗಳನ್ನು ಬಂದಳಿಕೆಯೆಂದು ಭಾವಿಸಿ ಕಿತ್ತೆಸೆಯುವವರೂ ಉಂಟು. ಇದು ತಪ್ಪು ತಿಳಿವಳಿಕೆ. ಬಂದಳಿಕೆ ಆಸರೆಮರದ ಸತ್ವವನ್ನು ಹೀರುತ್ತದೆ, ಆರ್ಕಿಡ್ ಹಾಗಲ್ಲ. ಅದು ಮರವನ್ನು ಕೇವಲ ನಿಲ್ಲುವ ನೆಲೆಯಾಗಿ ಬಳಸುತ್ತದೆ. ನೀರನ್ನು ಮಳೆ-ಮಂಜಿನಿಂದಲೂ ಪೋಷಕಾಂಶವನ್ನು ತೊಗಟೆಯ ಮೇಲೆ ಕೂಡಿದ ಕಸಕಡ್ಡಿಯಿಂದಲೂ ಪಡೆಯುತ್ತದೆ. ಬಾಡಿಗೆದಾರನೇ ಹೊರತು ಸುಲಿಗೆಕೋರನಲ್ಲ.

ಲಕ್ಷ ಬೀಜ, ಒಂದು ಗಿಡ

ಆರ್ಕಿಡ್‌ನ ಒಂದು ಕಾಯಿಯಲ್ಲಿ ಸಾವಿರಾರು, ಕೆಲವು ಪ್ರಭೇದಗಳಲ್ಲಿ ಲಕ್ಷಾಂತರ ಬೀಜಗಳಿರುತ್ತವೆ. ಅಷ್ಟಿದ್ದ ಮೇಲೆ ಅಳಿವಿನ ಭಯವೇಕೆ ಎಂದು ಕೇಳಬಹುದು. ಧೂಳಿನಂಥ ಆ ಬೀಜದಲ್ಲಿ ಮೊಳಕೆಗೆ ಬೇಕಾದ ಆಹಾರದ ದಾಸ್ತಾನೇ ಇಲ್ಲ ಎಂಬುದು ಇಲ್ಲಿನ ತೊಡಕು. ಭತ್ತವಾಗಲಿ ಹೆಸರುಕಾಳಾಗಲಿ ಮೊಳೆಯುವುದು ತನ್ನೊಳಗಿನ ಬುತ್ತಿಯಿಂದ. ಆರ್ಕಿಡ್ ಬೀಜಕ್ಕೆ ಬುತ್ತಿ ಕೊಡಬೇಕಾದದ್ದು ಒಂದು ಬಗೆಯ ಶಿಲೀಂಧ್ರ. ತಕ್ಕ ಶಿಲೀಂಧ್ರವಿರುವ ತೊಗಟೆಯ ಮೇಲೆ ಬಿದ್ದ ಬೀಜ ಮಾತ್ರ ಬದುಕುತ್ತದೆ, ಉಳಿದದ್ದು ಗಾಳಿಪಾಲು.

ಈ ಗುಟ್ಟನ್ನು 1899ರಲ್ಲಿ ಕಂಡುಕೊಂಡವರು ಫ್ರಾನ್ಸಿನ ಸಸ್ಯವಿಜ್ಞಾನಿ ನೋಯೆಲ್ ಬರ್ನಾರ್. ಶಿಲೀಂಧ್ರವಿಲ್ಲದೆಯೇ ಸಕ್ಕರೆ ಬೆರೆತ ಪೋಷಕದ್ರಾವಣದಲ್ಲಿ ಬೀಜವನ್ನು ಮೊಳೆಯಿಸಬಹುದೆಂದು 1922ರಲ್ಲಿ ಅಮೆರಿಕದ ಲೂಯಿಸ್ ನುಡ್ಸನ್ ತೋರಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಒಂದು ಕುಡಿಯ ತುದಿಯಿಂದ ಅನೇಕ ಗಿಡಗಳನ್ನು ಪಡೆಯುವ ಅಂಗಾಂಶ ಕೃಷಿಯ ಹಾದಿ ತೆರೆದರು. ಜಗತ್ತಿನ ಆರ್ಕಿಡ್ ಉದ್ಯಮ ನಿಂತಿರುವುದು ಈ ಅಡಿಪಾಯದ ಮೇಲೆ. ಅಂದರೆ ಕಾಡಿನ ಗಿಡಕ್ಕೆ ಕೈಹಚ್ಚದೆ, ಅದರ ಒಂದೇ ಒಂದು ಕಾಯಿಯಿಂದ ಸಾವಿರಾರು ಸಸಿ ಪಡೆಯುವ ವಿದ್ಯೆ ಮನುಷ್ಯನ ಕೈಸೇರಿ ನೂರು ವರ್ಷವೇ ಕಳೆದಿದೆ.

ಆದರೂ ಕಾಡಿನ ಲೂಟಿ ನಿಂತಿಲ್ಲ. ಕಾರಣ ಸರಳ. ಶೀಷೆಯಲ್ಲಿ ಮೊಳೆತ ಸಸಿ ಹೂಬಿಡಲು ಮೂರರಿಂದ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಕಾಡಿನಿಂದ ಕಿತ್ತ ಗಿಡಕ್ಕೆ ಒಂದು ಗಂಟೆ ಸಾಕು. ಕಿತ್ತವನಿಗೆ ಪ್ರಯೋಗಾಲಯದ ಖರ್ಚಿಲ್ಲ, ನೆರಳುಮನೆಯ ಖರ್ಚಿಲ್ಲ, ಕಾಯುವ ಸಹನೆಯೂ ಬೇಕಿಲ್ಲ.

ಏಳಾಳು ಹೊರೆಯ ಕಥೆ

ಈ ಲೂಟಿಗೆ ಇತಿಹಾಸವೂ ಇದೆ. 1850ರಲ್ಲಿ ಬ್ರಿಟನ್ನಿನ ಹೆಸರಾಂತ ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಮೇಘಾಲಯದ ಖಾಸಿ ಗುಡ್ಡಗಳಲ್ಲಿ ನೀಲಿ ವಾಂಡಾ ಎಂಬ ಆರ್ಕಿಡ್ಡನ್ನು ಕಂಡರು. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆಂದು ಏಳು ಆಳುಗಳು ಹೊರುವಷ್ಟು ಗಿಡಗಳನ್ನು ಕೀಳಿಸಿದರು. ಇಂಗ್ಲೆಂಡಿಗೆ ಜೀವಂತವಾಗಿ ತಲುಪಿದ್ದು ಕೆಲವೇ ಕೆಲವು. ಅದೇ ಜಾಗದಿಂದ ಬೇರೊಬ್ಬರು ಕಳಿಸಿದ ಒಂದಾಳು ಹೊರೆ ಗಿಡ ಅಲ್ಲಿ 300 ಪೌಂಡಿಗೆ ಮಾರಾಟವಾಯಿತೆಂದು ಹೂಕರ್ ಅವರೇ ತಮ್ಮ ಪ್ರವಾಸಕಥನದಲ್ಲಿ ದಾಖಲಿಸಿದ್ದಾರೆ. ವಿಜ್ಞಾನಿಯ ಹಿಂದೆಯೇ ವ್ಯಾಪಾರಿ ಬರುತ್ತಾನೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮಗೆ ಇನ್ನೂ ಹತ್ತಿರದ ಉದಾಹರಣೆ ಅಗಸ್ತ್ಯಮಲೆಯದು. ಕೇರಳ-ತಮಿಳುನಾಡು ಗಡಿಯ ಈ ಬೆಟ್ಟಸಾಲಿನಲ್ಲಿ ಪಾಫಿಯೋಪೆಡಿಲಂ ಡ್ರೂರಿ ಎಂಬ ಹಳದಿ ಹೂವಿನ ಆರ್ಕಿಡ್ ಇದೆ. ಹೂವಿನ ಒಂದು ದಳ ಪಾದರಕ್ಷೆಯ ಆಕಾರದಲ್ಲಿರುವುದರಿಂದ ಈ ಕುಲಕ್ಕೆ ಲೇಡೀಸ್ ಸ್ಲಿಪರ್ ಎಂಬ ಹೆಸರು. ದಕ್ಷಿಣ ಭಾರತದಲ್ಲಿ ಈ ಕುಲಕ್ಕೆ ಸೇರಿದ ಪ್ರಭೇದ ಇದೊಂದೇ. ದೇಶದ ಉಳಿದವು ಈಶಾನ್ಯದ ರಾಜ್ಯಗಳಲ್ಲಿವೆ. 1865ರಲ್ಲಿ ತಿರುವಾಂಕೂರಿನ ಬೆಟ್ಟಗಳಲ್ಲಿ ಕರ್ನಲ್ ಡ್ರೂರಿ ಇದನ್ನು ಕಂಡರು. ಆನಂತರ ಸಂಗ್ರಾಹಕರ ದಾಳಿಗೆ ಸಿಕ್ಕ ಈ ಗಿಡ ಅಳಿದೇಹೋಯಿತೆಂದು ಬಹುಕಾಲ ನಂಬಲಾಗಿತ್ತು. 1972ರಲ್ಲಿ ಮತ್ತೆ ಕಾಣಿಸಿಕೊಂಡಿತು. ಕಂಡದ್ದೇ ತಡ, ಮತ್ತೆ ಕೀಳುವವರ ಕಾಟ ಆರಂಭವಾಯಿತು. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದೀಗ ತೀವ್ರ ಅಳಿವಿನಂಚಿನ ಪ್ರಭೇದ. ಕೇರಳದ ಪಾಲೋಡ್‌ನಲ್ಲಿರುವ ಜವಾಹರಲಾಲ್ ನೆಹರೂ ಉಷ್ಣವಲಯ ಸಸ್ಯೋದ್ಯಾನ ಮತ್ತು ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಇದನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಕಾಡಿಗೆ ಮರಳಿಸುವ ಪ್ರಯತ್ನವನ್ನೂ ಮಾಡಿದ್ದಾರೆ.

ಕಾನೂನು ಏನನ್ನುತ್ತದೆ?

ಆರ್ಕಿಡ್ ರಕ್ಷಣೆಗೆ ನಮ್ಮಲ್ಲಿ ಕಾನೂನಿಲ್ಲ ಎನ್ನುವಂತಿಲ್ಲ. ಒಂದರ ಮೇಲೊಂದು ಪದರಗಳೇ ಇವೆ.

ಮೊದಲನೆಯದು ವನ್ಯಜೀವಿ ಸಂರಕ್ಷಣಾ ಕಾಯಿದೆ. 1972ರ ಈ ಕಾಯಿದೆ ಆರಂಭದಲ್ಲಿ ಪ್ರಾಣಿಪಕ್ಷಿಗಳಿಗೇ ಸೀಮಿತವಾಗಿತ್ತು. 1991ರ ತಿದ್ದುಪಡಿಯಲ್ಲಿ ಸಸ್ಯಗಳಿಗೂ ಒಂದು ಅಧ್ಯಾಯ ಸೇರಿತು. ಆಗಿನ ಆರನೆಯ ಅನುಸೂಚಿಯಲ್ಲಿದ್ದ ನಮೂದುಗಳು ಆರು. ಅವುಗಳಲ್ಲಿ ಮೂರು ಆರ್ಕಿಡ್‌ಗಳವು: ನೀಲಿ ವಾಂಡಾ, ಕೆಂಪು ವಾಂಡಾ ಮತ್ತು ಲೇಡೀಸ್ ಸ್ಲಿಪರ್ ಕುಲ. ಇಂಥ ನಿರ್ದಿಷ್ಟ ಸಸ್ಯಗಳನ್ನು ಅರಣ್ಯಭೂಮಿಯಿಂದ ಕೀಳುವಂತಿಲ್ಲ. ಪರವಾನಗಿಯಿಲ್ಲದೆ ಬೆಳೆಯುವಂತಿಲ್ಲ, ಮಾರುವಂತಿಲ್ಲ. ಪರಿಶಿಷ್ಟ ಪಂಗಡದವರು ತಾವು ವಾಸಿಸುವ ಜಿಲ್ಲೆಯಲ್ಲಿ ಸ್ವಂತ ಬಳಕೆಗೆ ಸಂಗ್ರಹಿಸಲು ಮಾತ್ರ ವಿನಾಯಿತಿಯಿದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಸಸ್ಯಗಳ ಪಟ್ಟಿ ಮೂರನೆಯ ಅನುಸೂಚಿಗೆ ವರ್ಗವಾಯಿತು.

ಎರಡನೆಯದು ಸೈಟಿಸ್ ಎಂದು ಪ್ರಸಿದ್ಧವಾದ ಅಂತರರಾಷ್ಟ್ರೀಯ ಒಪ್ಪಂದ. 1975ರಲ್ಲಿ ಜಾರಿಗೆ ಬಂದ ಈ ಒಪ್ಪಂದಕ್ಕೆ ಭಾರತ 1976ರಲ್ಲಿ ಸೇರಿತು. ಇಡೀ ಆರ್ಕಿಡ್ ಕುಟುಂಬವೇ ಇದರ ಎರಡನೆಯ ಅನುಬಂಧದಲ್ಲಿದೆ. ಲೇಡೀಸ್ ಸ್ಲಿಪರ್‌ನಂಥ ಕೆಲವು ಮೊದಲನೆಯ ಅನುಬಂಧದಲ್ಲಿವೆ. ಒಪ್ಪಂದದ ಪಟ್ಟಿಯಲ್ಲಿರುವ ಒಟ್ಟು ಪ್ರಭೇದಗಳಲ್ಲಿ ಶೇಕಡಾ 70ಕ್ಕೂ ಹೆಚ್ಚು ಆರ್ಕಿಡ್‌ಗಳೇ ಎಂಬುದು ಗಮನಾರ್ಹ. ಮೊದಲನೆಯ ಅನುಬಂಧದ ಗಿಡ ಕಾಡಿನದಾದರೆ ಅದರ ಅಂತರರಾಷ್ಟ್ರೀಯ ವಾಣಿಜ್ಯ ವಹಿವಾಟು ಸಂಪೂರ್ಣ ನಿಷಿದ್ಧ. ಕೃತಕವಾಗಿ ಬೆಳೆಸಿದ್ದಾದರೆ ಅನುಮತಿ ಪಡೆದು ಮಾರಬಹುದು. ಇನ್ನು, ಮುಚ್ಚಿದ ಶೀಷೆಯಲ್ಲಿ ಬೆಳೆಸಿದ ಎಳೆಯ ಸಸಿಗಳಿಗೆ ನಿಯಮಗಳಿಂದ ವಿನಾಯಿತಿಯೂ ಇದೆ. ಮೊದಲನೆಯ ಅನುಬಂಧದವಾದರೆ ಅವು ಕಾನೂನುಬದ್ಧ ತಾಯಿಗಿಡದ ಸಂತತಿಯಾಗಿರಬೇಕು.

ಭಾರತದ ರಫ್ತು ನೀತಿಯೂ ಇದೇ ಹಾದಿಯದು. 1998ರ ಅಧಿಸೂಚನೆಯಂತೆ ಕಾಡಿನಿಂದ ತಂದ ಆರ್ಕಿಡ್‌ಗಳ ರಫ್ತು ನಿಷಿದ್ಧ. ಬೆಳೆಸಿದ ಗಿಡವಾದರೆ ಅರಣ್ಯ ಅಥವಾ ವನ್ಯಜೀವಿ ಅಧಿಕಾರಿಗಳಿಂದ ಬೇಸಾಯದ ಪ್ರಮಾಣಪತ್ರವೂ ಸೈಟಿಸ್ ಅನುಮತಿಯೂ ಬೇಕು. 2022ರ ತಿದ್ದುಪಡಿಯು ಸೈಟಿಸ್ ನಿಯಮಗಳನ್ನು ದೇಶದ ಕಾನೂನಿನೊಳಗೇ ತಂದಿದೆ. ಅದರಂತೆ ಮೊದಲನೆಯ ಅನುಬಂಧದ ಸಸ್ಯಗಳನ್ನು ಕೃತಕವಾಗಿ ಬೆಳೆಸುವವರು ಮುಖ್ಯ ವನ್ಯಜೀವಿ ಪರಿಪಾಲಕರಿಂದ ಪರವಾನಗಿ ಪಡೆಯಬೇಕು.

ಮೂರನೆಯದು ಅರಣ್ಯ ಕಾಯಿದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ ಪ್ರಕಾರ ಕಾಡಿನ ಗಿಡ, ಬಳ್ಳಿ, ಹೂವುಗಳೆಲ್ಲವೂ ಅರಣ್ಯೋತ್ಪನ್ನಗಳೇ. ಮೀಸಲು ಅರಣ್ಯದಿಂದ ಅನುಮತಿಯಿಲ್ಲದೆ ಅವನ್ನು ತರುವುದು ಅಪರಾಧ. 1991ರ ವನ್ಯಜೀವಿ ಪಟ್ಟಿಯಲ್ಲಿದ್ದ ಮೂರೂ ಬಗೆಯ ಆರ್ಕಿಡ್‌ಗಳು ಕರ್ನಾಟಕದ ಕಾಡಿನವಲ್ಲ. ಆದ್ದರಿಂದ ರಾಜ್ಯದೊಳಗಿನ ವ್ಯಾಪಾರದ ಮಟ್ಟಿಗೆ ಸೀತಾಳೆ ದಂಡೆಯಂಥ ಮಲೆನಾಡ ಗಿಡಗಳಿಗೆ ಮುಖ್ಯ ಕವಚವಾಗಿ ಉಳಿದದ್ದು ಅರಣ್ಯ ಕಾಯಿದೆ. ಅದು ಕಾಡಿನ ಗಡಿಯವರೆಗೆ ಗಟ್ಟಿ. ಗಡಿ ದಾಟಿ ಗಿಡ ಪೇಟೆ ಸೇರಿತೆಂದರೆ ಸಡಿಲ.

ಇಬ್ಬರು ಮಾರಾಟಗಾರರು

ತೊಡಕು ಎಲ್ಲಿದೆ ಎಂಬುದು ಅರ್ಥವಾಗಬೇಕಾದರೆ ಇಬ್ಬರನ್ನು ಊಹಿಸಿಕೊಳ್ಳೋಣ.

ಒಬ್ಬಾಕೆ ಮಲೆನಾಡಿನ ಗೃಹಿಣಿ. ಅತ್ತೆಯವರ ಕಾಲದಿಂದ ಅಂಗಳದ ಹಲಸಿನ ಮರದಲ್ಲಿ ಸೀತಾಳೆ ದಂಡೆಯಿದೆ. ಗಾಳಿಗೆ ಮುರಿದುಬಿದ್ದ ಕೊಂಬೆಯಲ್ಲಿದ್ದ ಗಿಡವನ್ನು ತೆಂಗಿನ ಕತ್ತಕ್ಕೆ ಕಟ್ಟಿ ಬದುಕಿಸಿದ್ದಾರೆ. ವರ್ಷಗಳು ಕಳೆದು ಅದರಿಂದ ಹತ್ತಾರು ಗಿಡಗಳಾಗಿವೆ. ಮಲೆನಾಡಿನ ಮನೆಗಳಲ್ಲಿ ಹೂಗಿಡಗಳ ವಿನಿಮಯ ಹೊಸದೇನಲ್ಲ. ಈಕೆಯೂ ನಾಲ್ಕು ಗಿಡ ಮಾರಿ ನಾಲ್ಕು ಕಾಸು ಕಾಣಬೇಕೆಂದುಕೊಳ್ಳುತ್ತಾರೆ. ತನಿಖಾ ಠಾಣೆಯಲ್ಲಿ ಯಾರಾದರೂ ತಡೆದು, ಈ ಗಿಡ ಎಲ್ಲಿಯದೆಂದು ಕೇಳಿದರೆ ತೋರಿಸಲು ಇವರ ಕೈಯಲ್ಲಿ ಏನೂ ಇಲ್ಲ.

ಇನ್ನೊಬ್ಬ ದಲ್ಲಾಳಿ. ಕಾಡಂಚಿನ ಬಡವರಿಗೆ ಚಿಲ್ಲರೆ ಹಣ ಕೊಟ್ಟು ಗೋಣಿಚೀಲದ ತುಂಬ ಗಿಡ ಕೀಳಿಸುತ್ತಾನೆ. ದೂರವಾಣಿಯಲ್ಲಿ ಚಿತ್ರ ಹಾಕಿ ಗಿರಾಕಿ ಹಿಡಿಯುತ್ತಾನೆ, ಕೊರಿಯರ್‌ನಲ್ಲಿ ಕಳುಹಿಸುತ್ತಾನೆ. ಕೇಳಿದರೆ, ಮನೆಯಲ್ಲೇ ಬೆಳೆಸಿದ್ದು ಎನ್ನುತ್ತಾನೆ. ಅದು ಸುಳ್ಳೆಂದು ಸಾಬೀತುಪಡಿಸುವ ದಾಖಲೆಯೂ ಯಾರ ಕೈಯಲ್ಲೂ ಇಲ್ಲ.

ಅಂದರೆ ಗೃಹಿಣಿ ತನ್ನ ನಿರ್ದೋಷಿತ್ವವನ್ನು ತೋರಿಸಲಾರಳು. ಇಲಾಖೆ ದಲ್ಲಾಳಿಯ ದೋಷವನ್ನು ತೋರಿಸಲಾರದು. ಈ ಸ್ಥಿತಿಯಲ್ಲಿ ಅಂಜುವವರು ವ್ಯಾಪಾರಕ್ಕೆ ಇಳಿಯುವುದಿಲ್ಲ, ಅಂಜದವರು ಇಳಿಯುತ್ತಾರೆ. ಮಾರುಕಟ್ಟೆ ದಲ್ಲಾಳಿಯ ಪಾಲಾಗುತ್ತದೆ. ಒಮ್ಮೊಮ್ಮೆ ದಾಳಿ ನಡೆದಾಗ ಸಿಕ್ಕಿಬೀಳುವವರು ಗೋಣಿಚೀಲ ಹೊತ್ತ ಬಡಪಾಯಿಗಳೇ ಹೊರತು ಕೀಳಿಸಿದವನೂ ಅಲ್ಲ, ಕೊಂಡವನೂ ಅಲ್ಲ.

ಬೆಳೆದರೆ ಕಾಡು ಉಳಿದೀತೇ?

ದೇಸಿ ಆರ್ಕಿಡ್‌ಗಳ ಬೇಸಾಯಕ್ಕೆ ದಾರಿ ಬಿಟ್ಟರೆ ಕಾಡಿನ ಮೇಲಿನ ಒತ್ತಡ ಇಳಿಯುತ್ತದೆ ಎಂಬುದು ಒಂದು ವಾದ. ಅದಕ್ಕೆ ಆಧಾರವೂ ಇದೆ. ಹೂಕರ್ ಹೊರೆಗಟ್ಟಲೆ ಕೀಳಿಸಿದ ಅದೇ ನೀಲಿ ವಾಂಡಾ ಸೈಟಿಸ್‌ನ ಮೊದಲನೆಯ ಅನುಬಂಧದಲ್ಲಿತ್ತು. ನರ್ಸರಿಗಳಲ್ಲಿ ಅದನ್ನೂ ಅದರ ಮಿಶ್ರತಳಿಗಳನ್ನೂ ಹೇರಳವಾಗಿ ಬೆಳೆಯತೊಡಗಿದ ಮೇಲೆ ಕಾಡಿನ ಗಿಡಕ್ಕೆ ಅಂತರರಾಷ್ಟ್ರೀಯ ಬೇಡಿಕೆ ಕುಸಿಯಿತು. 2004ರಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಸೈಟಿಸ್ ಸಮ್ಮೇಳನ ಅದನ್ನು ಎರಡನೆಯ ಅನುಬಂಧಕ್ಕೆ ಇಳಿಸಿತು.

ಪೆರು ದೇಶದ ಅನುಭವವೂ ಬೋಧಪ್ರದ. 2002ರಲ್ಲಿ ಅಲ್ಲಿಂದ ಫ್ರಾಗ್ಮಿಪೀಡಿಯಂ ಕೊವಾಚಿ ಎಂಬ ದೊಡ್ಡ ನೇರಳೆ ಹೂವಿನ ಹೊಸ ಆರ್ಕಿಡ್ ಅಕ್ರಮವಾಗಿ ಅಮೆರಿಕ ಸೇರಿತು. ಅದನ್ನು ಒಯ್ದ ವ್ಯಕ್ತಿಗೂ ಸ್ವೀಕರಿಸಿದ ಫ್ಲೋರಿಡಾದ ಸಸ್ಯೋದ್ಯಾನಕ್ಕೂ ನ್ಯಾಯಾಲಯ ದಂಡ ವಿಧಿಸಿತು. ಅಷ್ಟರಲ್ಲಿ ಪೆರುವಿನ ಕಾಡಿನ ನೆಲೆಗಳನ್ನು ಕಳ್ಳರು ಬರಿದು ಮಾಡುತ್ತಿದ್ದರು. ಆಗ ಪೆರು ಸರಕಾರ ದೇಶೀಯ ಬೆಳೆಗಾರರಿಗೆ ಕೆಲವೇ ತಾಯಿಗಿಡಗಳನ್ನು ಪಡೆಯಲು ಅನುಮತಿ ನೀಡಿತು. ಅವುಗಳ ಸಂತತಿ ಕ್ರಮೇಣ ಕಾನೂನುಬದ್ಧವಾಗಿ ಜಗತ್ತಿನ ಮಾರುಕಟ್ಟೆ ಸೇರಿತು.

ಆದರೆ ಎದುರುವಾದವನ್ನೂ ತಳ್ಳಿಹಾಕಲಾಗದು. ವಿಯೆಟ್ನಾಂನ ಪಾಫಿಯೋಪೆಡಿಲಂ ವಿಯೆಟ್ನಾಮೆನ್ಸ್ ಜಗತ್ತಿಗೆ ಪರಿಚಯವಾದದ್ದು 1999ರಲ್ಲಿ. ಕೆಲವೇ ವರ್ಷಗಳಲ್ಲಿ ಸಂಗ್ರಾಹಕರು ಅದನ್ನು ಕಾಡಿನಿಂದ ಬಹುತೇಕ ಅಳಿಸಿಹಾಕಿದರು. ನರ್ಸರಿಯ ಸಸಿ ತಯಾರಾಗುವವರೆಗೆ ಕಾಯುವ ವ್ಯವಧಾನ ಹವ್ಯಾಸಿಗಳಿಗೆ ಇರಲಿಲ್ಲ. ಕೆಲವರಿಗಂತೂ ಕಾಡಿನ ಗಿಡವೇ ಬೇಕು. ಅಪರೂಪವಾದಷ್ಟೂ ಬೆಲೆ ಹೆಚ್ಚು. ಜತೆಗೆ, ವ್ಯಾಪಾರ ಕಾನೂನುಬದ್ಧವಾದ ಕೂಡಲೇ ಕಾಡಿನ ಗಿಡಕ್ಕೆ ನರ್ಸರಿಯ ಚೀಟಿ ಅಂಟಿಸಿ ಮಾರುವವರೂ ಹುಟ್ಟಿಕೊಳ್ಳುತ್ತಾರೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಉಳಿಯುವುದುಂಟೇ?

ಔಷಧಿಯ ಬೇಡಿಕೆ ಮತ್ತೊಂದು ಮುಖ. ಚ್ಯವನಪ್ರಾಶದ ಅಷ್ಟವರ್ಗದಲ್ಲಿ ಸೇರುವ ಜೀವಕ, ಋಷಭಕ, ಋದ್ಧಿ, ವೃದ್ಧಿ ಈ ನಾಲ್ಕೂ ಆರ್ಕಿಡ್‌ಗಳೆಂದು ಗುರುತಿಸಲಾಗಿದೆ. ಇಲ್ಲಿ ಬೇಕಾದದ್ದು ಹೂವಲ್ಲ, ಗೆಡ್ಡೆ. ಗೆಡ್ಡೆ ಅಗೆದರೆ ಗಿಡವೇ ಹೋಯಿತು. ಒಣಗಿದ ಗೆಡ್ಡೆ ಕಾಡಿನದೋ ತೋಟದ್ದೋ ಎಂದು ಹೇಳುವುದು ಇನ್ನೂ ಕಷ್ಟ.

ಎರಡೂ ವಾದಗಳನ್ನು ಎದುರುಬದುರು ಇಟ್ಟು ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ. ಬೇಸಾಯ ಗೆದ್ದಲ್ಲೆಲ್ಲ ಗಿಡದ ಮೂಲವನ್ನು ತೋರಿಸುವ ದಾಖಲೆ ಇತ್ತು. ಸೋತಲ್ಲಿ ಅದಿರಲಿಲ್ಲ, ಇಲ್ಲವೇ ತಡವಾಗಿ ಬಂತು. ವ್ಯಾಪಾರ ಬೇಕೋ ಬೇಡವೋ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ, ಮಾರಾಟಕ್ಕಿರುವ ಗಿಡಕ್ಕೆ ಜನ್ಮಪತ್ರವಿದೆಯೇ ಎಂಬುದು.

ಆಗಬೇಕಾದ್ದೇನು?

ಮೊದಲನೆಯದಾಗಿ, ಕಾನೂನುಬದ್ಧವಾದ ತಾಯಿಗಿಡಗಳ ಸಂಗ್ರಹ ಬೇಕು. ನಿರ್ದಿಷ್ಟ ಸಸ್ಯಗಳನ್ನು ವಂಶಾಭಿವೃದ್ಧಿಗೆಂದು ಸಂಗ್ರಹಿಸಲು, ಕೇಂದ್ರ ಸರಕಾರ ಒಪ್ಪಿದ ವ್ಯಕ್ತಿ ಅಥವಾ ಸಂಸ್ಥೆಗೆ ಅನುಮತಿ ನೀಡುವ ಅವಕಾಶ ವನ್ಯಜೀವಿ ಕಾಯಿದೆಯಲ್ಲೇ ಇದೆ. ಪಟ್ಟಿಯಲ್ಲಿಲ್ಲದ ಗಿಡಗಳಿಗೆ ರಾಜ್ಯದ ಅರಣ್ಯ ಇಲಾಖೆಯೇ ದಾರಿ ಮಾಡಿಕೊಡಬಹುದು. ಹೆದ್ದಾರಿ ವಿಸ್ತರಣೆ, ವಿದ್ಯುತ್ ಮಾರ್ಗ, ನೀರಾವರಿ ಯೋಜನೆಗಳಿಗಾಗಿ ಘಟ್ಟದಲ್ಲಿ ಮರಗಳು ಉರುಳುತ್ತಲೇ ಇವೆ. ಉರುಳಿದ ಮರದ ದಿಮ್ಮಿಗೆ ಲೆಕ್ಕವಿದೆ; ಅದರ ಕೊಂಬೆಯಲ್ಲಿದ್ದ ಆರ್ಕಿಡ್‌ಗೆ ಲೆಕ್ಕವಿಲ್ಲ. ಕಡಿತಕ್ಕೆ ಮುನ್ನ ಅವನ್ನು ಇಳಿಸಿ, ಸ್ಥಳ-ದಿನಾಂಕ ಸಹಿತ ದಾಖಲಿಸಿ ಸಂರಕ್ಷಿಸಿದರೆ ಕಾಡಿಗೆ ಕೈಹಚ್ಚದೆಯೇ ತಾಯಿಗಿಡಗಳು ದೊರಕುತ್ತವೆ. ಯೋಜನೆಯ ಅನುಮತಿಯ ಷರತ್ತುಗಳಲ್ಲೇ ಇದನ್ನು ಸೇರಿಸುವುದು ಕಷ್ಟವಲ್ಲ.

ಎರಡನೆಯದು ಪ್ರಯೋಗಾಲಯದ ಬೆಂಬಲ. ಆರ್ಕಿಡ್‌ಗೆಂದೇ ಸಿಕ್ಕಿಂನ ಪಾಕ್ಯೊಂಗ್‌ನಲ್ಲಿ 1996ರಿಂದ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಸಸ್ಯ ಸರ್ವೇಕ್ಷಣ ಸಂಸ್ಥೆಯ ಆರ್ಕಿಡ್ ಸಂಗ್ರಹೋದ್ಯಾನ ತಮಿಳುನಾಡಿನ ಏರ್ಕಾಡ್‌ನಲ್ಲಿದೆ. ನಮ್ಮಲ್ಲೂ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಸಂರಕ್ಷಿತ ಬೇಸಾಯದ ಯೋಜನೆಗಳಡಿ ಆರ್ಕಿಡ್ ಬೆಳೆಗೆ ಸಹಾಯಧನವೂ ಇದೆ. ಅದರ ಒಂದು ಪಾಲನ್ನು ಘಟ್ಟದ ಪ್ರಭೇದಗಳ ಸಸಿಗಳಿಗೆಂದೇ ಮೀಸಲಿಡಬಹುದಲ್ಲವೇ?

ಮೂರನೆಯದು ಮೂಲದ ಪ್ರಮಾಣಪತ್ರ. ಈ ಕಲ್ಪನೆ ನಮ್ಮ ಕಾನೂನಿಗೆ ಹೊಸದಲ್ಲ. ಜೀವವೈವಿಧ್ಯ ಕಾಯಿದೆಗೆ 2023ರಲ್ಲಿ ಬಂದ ತಿದ್ದುಪಡಿಯು ಬೆಳೆಸಿದ ಔಷಧೀಯ ಸಸ್ಯಗಳಿಗೆ ಇಂಥ ಪತ್ರದ ಆಧಾರದ ಮೇಲೆ ವಿನಾಯಿತಿ ನೀಡಿದೆ. ಗ್ರಾಮ ಪಂಚಾಯಿತಿ ಮಟ್ಟದ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲೆಯೇ ಅದಕ್ಕೆ ಆಧಾರ. ಇದೇ ಮಾದರಿಯನ್ನು ದೇಸಿ ಆರ್ಕಿಡ್‌ಗಳಿಗೂ ವಿಸ್ತರಿಸಿದರೆ, ಅಂಗಳದ ಹಲಸಿನ ಮರದ ಗಿಡವನ್ನು ಗೃಹಿಣಿ ಪಂಚಾಯಿತಿಯಲ್ಲೇ ನೋಂದಾಯಿಸಬಹುದು. ವರ್ಷಕ್ಕೆ ಎಷ್ಟು ಸಸಿ ತೆಗೆದರು, ಎಷ್ಟು ಮಾರಿದರು ಎಂಬ ಲೆಕ್ಕ ಅಲ್ಲಿ ಸಿಗುತ್ತದೆ. ಹತ್ತು ಗಿಡ ನೋಂದಾಯಿಸಿದವರು ಮರುದಿನವೇ ಸಾವಿರ ಗಿಡ ಮಾರಿದರೆ ಕಳ್ಳತನ ತಾನಾಗಿಯೇ ಹೊರಬೀಳುತ್ತದೆ.

ನಾಲ್ಕನೆಯದಾಗಿ, ಎಲ್ಲ ಪ್ರಭೇದಗಳಿಗೂ ಒಂದೇ ಅಳತೆಗೋಲು ಸಲ್ಲದು. ವ್ಯಾಪಕವಾಗಿರುವ ಗಿಡಗಳಿಗೆ ಸರಳ ನೋಂದಣಿ ಸಾಕು. ಅಗಸ್ತ್ಯಮಲೆಯ ಡ್ರೂರಿಯಂಥ ಬೆರಳೆಣಿಕೆಯ ಗಿಡಗಳ ವಿಷಯದಲ್ಲಿ ಶೀಷೆಯಲ್ಲಿ ಬೆಳೆದ ಸಂತತಿಗೆ ಮಾತ್ರ ಮಾರಾಟದ ಅವಕಾಶವಿರಬೇಕು. ಅದರ ಒಂದಂಶ ಸಸಿ ಕಡ್ಡಾಯವಾಗಿ ಕಾಡಿಗೆ ಮರಳಬೇಕು.

ಇದರಿಂದ ಮಲೆನಾಡಿನ ಮನೆಗಳಲ್ಲಿ ಹೊನ್ನಿನ ಮಳೆ ಸುರಿಯುವುದಿಲ್ಲ ಎಂಬುದನ್ನೂ ಹೇಳಬೇಕು. ದೇಸಿ ಆರ್ಕಿಡ್‌ಗಳ ಹೂವು ಮಿಶ್ರತಳಿಗಳಂತೆ ತಿಂಗಳುಗಟ್ಟಲೆ ಬಾಡದೆ ಉಳಿಯುವುದಿಲ್ಲ. ಬೆಳೆಯಲು ನೆರಳು, ತೇವ, ತಾಳ್ಮೆ ಬೇಕು. ಅಡಿಕೆ, ಕಾಫಿಗೆ ಪರ್ಯಾಯವಾಗುವ ಬೆಳೆ ಇದಲ್ಲ. ಆದರೆ ಉಪಬೆಳೆಯಾಗಬಲ್ಲದು. ಕಾಫಿ ತೋಟಗಳಲ್ಲಿ ನೆರಳಿಗೆಂದು ಉಳಿಸಿದ ಹಳೆಯ ಕಾಡುಮರಗಳು ಆರ್ಕಿಡ್‌ಗಳ ಆಶ್ರಯತಾಣ. ಅವುಗಳ ಜಾಗಕ್ಕೆ ಸಿಲ್ವರ್ ಓಕ್ ಬಂದಂತೆಲ್ಲ ಆ ಆಶ್ರಯ ಕಿರಿದಾಗುತ್ತಿದೆ. ಕೊಂಬೆಯ ಮೇಲಿನ ಗಿಡಕ್ಕೆ ನ್ಯಾಯವಾದ ಬೆಲೆಯಿದೆ ಎಂದಾದರೆ ಕೊಂಬೆಯನ್ನು ಉಳಿಸಲು ತೋಟದವರಿಗೆ ಇನ್ನೊಂದು ಕಾರಣ ದೊರೆತಂತೆ.

ಕೊಳ್ಳುವವರ ಕೈಯಲ್ಲಿ

ಕೊನೆಯ ಮಾತು ನಗರದ ಓದುಗರಿಗೆ. ಕಾಡಿನ ಗಿಡಕ್ಕೆ ಗಿರಾಕಿ ಇರುವುದು ನಗರಗಳಲ್ಲೇ. ಕೊಳ್ಳುವ ಮುನ್ನ ಬೇರನ್ನು ನೋಡಿ. ಕುಂಡದಲ್ಲಿ ಬೆಳೆದ ಗಿಡದ ಬೇರು ಕುಂಡದ ಆಕಾರಕ್ಕೆ ಸುತ್ತಿಕೊಂಡಿರುತ್ತದೆ. ಕಾಡಿನಿಂದ ಕಿತ್ತದ್ದಾದರೆ ಬೇರುಗಳು ತುಂಡಾಗಿರುತ್ತವೆ, ಚಪ್ಪಟೆಯಾಗಿರುತ್ತವೆ. ತೊಗಟೆಯ ಚೂರೋ ಪಾಚಿಯೋ ಅಂಟಿರುತ್ತದೆ. ಎಲೆಗಳ ಮೇಲೆ ಹುಳು ತಿಂದ ಹಳೆಯ ಗುರುತು, ಕಲ್ಲುಹೂವಿನ ಕಲೆ ಕಾಣುತ್ತವೆ. ನರ್ಸರಿಯ ಸಸಿಗಳು ಹೆಚ್ಚುಕಡಿಮೆ ಒಂದೇ ಗಾತ್ರದವು. ಕಾಡಿನವು ಒಂದು ದೊಡ್ಡದು, ಒಂದು ಚಿಕ್ಕದು. ಕುಂಡವಿಲ್ಲದೆ ಕಟ್ಟುಕಟ್ಟಾಗಿ ಮಾರುತ್ತಿದ್ದರಂತೂ ಅನುಮಾನ ಪಡಲೇಬೇಕು. ತಾಯಿಗಿಡ ಎಲ್ಲಿಯದು ಎಂದು ಕೇಳಿ. ಉತ್ತರ ಬಾರದಿದ್ದರೆ ಕೊಳ್ಳಬೇಡಿ. ಹಾಗೆ ಕಿತ್ತು ತಂದ ಗಿಡ ಬೆಂಗಳೂರಿನ ಬಾಲ್ಕನಿಯ ಒಣಹವೆಯಲ್ಲಿ ಬಹುಕಾಲ ಬದುಕುವ ಭರವಸೆಯೂ ಇಲ್ಲ.

ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮಲ್ಲಿದೆ. ಆರ್ಕಿಡ್‌ಗಳ ವಿಷಯದಲ್ಲಿ ಕೋಟೆ ಬಾಗಿಲೇನೋ ಹಾಕಿದ್ದೇವೆ. ಒಳಗಿರುವವರು ಯಾರು, ಹೊರಗಿನಿಂದ ನುಗ್ಗಿದವರು ಯಾರೆಂಬ ಲೆಕ್ಕವನ್ನೇ ಇಟ್ಟಿಲ್ಲ. ಆ ಲೆಕ್ಕ ಆರಂಭವಾದ ದಿನ ಸೀತಾಳೆ ದಂಡೆ ಲಾಲ್‌ಬಾಗ್‌ನ ಮಳಿಗೆಗೆ ತಲೆಯೆತ್ತಿ ಬರಬಹುದು. ಮಲೆನಾಡಿನ ಆ ಹಲಸಿನ ಮರದ ಮೇಲೂ ಅದು ಉಳಿದಿರಬಹುದು.